ಹಿಪ್ಪುನೇರಳೆ

ದುರ್ಗದಬೈಲಿನ ರದ್ದಿ ಅಂಗಡಿಯಿಂದ
ಕಿಲೋ ಲೆಕ್ಕದಲ್ಲಿ ತಂದ ಪುಸ್ತಕ.
ರಟ್ಟಿಲ್ಲ, ಮೊದಲ ನಲವತ್ತು ಪುಟಗಳೂ ಇಲ್ಲ.
ನಡುವೆ ಒಂದು ಹಡಗಿನ ಚಿತ್ರ.
"ಇದನ್ನಟ ಓದ್ರಿ ಟೀಚರ" ಅಂದರು ದಾವಲಸಾಬರು,
ಕನ್ನಡಕ ಹಣೆಗೇರಿಸಿ, ಮೂಗು ಹಾಳೆಗೆ ತಾಗಿಸಿ.

ಓದಿದೆ. ಜಪಾನಿನ ವಿಧ್ವಂಸಕ ನೌಕೆ.
ಯುದ್ಧದ ಕೊನೆಗೆ, ಒಳ್ಳೆಯ ಉಕ್ಕು ತೀರಿದ ಮೇಲೆ
ಸಾದಾ ಕಬ್ಬಿಣದಲ್ಲಿ, ಐದಾರು ತಿಂಗಳೊಳಗೆ
ಗಡಿಬಿಡಿಯಿಂದ ಕಟ್ಟಿ ನೀರಿಗೆ ಬಿಟ್ಟದ್ದು.
ಹೆಸರು ಮಾತ್ರ ಮರಗಳದು:
ದೇವದಾರು, ಬಿದಿರು, ಪೀಚು, ಚೆರ್ರಿ.
ಇದರದು, ಬೆರಳಿಟ್ಟು ನೋಡಿದೆ, ಹಿಪ್ಪುನೇರಳೆ.

"ರೇಷ್ಮಿ ತಪ್ಪಲ?" ಒಳಗಿನಿಂದ ಸೊಸೆ ಮಾಬುನ್ನಿ.
ರಾಣೆಬೆನ್ನೂರ ಕಡೆಯವಳು, ಹುಳುವಿನ ಮನೆಯಲ್ಲಿ
ರಾತ್ರಿಯಿಡೀ ಎಲೆ ಮೇಯುವ ಸದ್ದು ಕೇಳಿ ಬೆಳೆದವಳು.
"ಅದನ್ನ ಎಷ್ಟ ಕಡದ್ರೂ ಚಿಗೀತೈತಿ.
ಹಡಗ ಯಾಕ ಮುಳುಗ್ತು?"
ಮುಳುಗಿದ್ದನ್ನು ನಾನಿನ್ನೂ ಓದಿರಲಿಲ್ಲ.

ಸಾಬರ ಉಗುರು ಹಡಗಿನ ಮೂತಿಯಿಂದ ಹಿಂದಕ್ಕೆ ಹರಿಯಿತು.
ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಲ್ಲಿ ನಲವತ್ತೊಂದು ವರ್ಷ
ವ್ಯಾಗನ್ನುಗಳ ಹೊಟ್ಟೆ ಹೊಲಿದ ಉಗುರು.
"ನೋಡ್ರಿ, ತಗಡ ಎಲ್ಲೂ ಬಾಗಿಲ್ಲ.
ನೆಟ್ಟಗ ಕತ್ತರಸ್ಯಾರ, ನೆಟ್ಟಗ ಹಚ್ಯಾರ.
ಬಾಗಸಾಕ ಯಾಳೆ ಬೇಕು. ಅವರ ಹಂತ್ಯಾಕ ಅದ ಇರಲಿಲ್ಲ."

ಬಾಯ್ಲರು ಎರಡು, ಎಂಜಿನ್ನು ಎರಡು,
ಜೋಡಿಗೊಂದು ಕೋಣೆ, ನಡುವೆ ಗೋಡೆ:
ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದು ನಡೆಸಲಿ ಎಂದು.
ಅಲ್ಲಿಗೆ ಬಂದಾಗ ಅವರು ಅಂಗಿಯ ಮೇಲಿನಿಂದಲೇ
ಎದೆಯ ಹೊಲಿಗೆ ಸವರಿಕೊಂಡರು.
"ಭಾಳ ಶಾಣ್ಯಾ ಅಂವ, ಎರಡ ಇಟ್ಟಾನ."

ಒಂದೇ ರಾತ್ರಿ, ಒಂದೇ ಕೊಲ್ಲಿ.
ಬಿದಿರು ಒಂದೇ ಎಂಜಿನ್ನಿನ ಮೇಲೆ ಕುಂಟುತ್ತ ಮರಳಿತು.
ಹಿಪ್ಪುನೇರಳೆ ಮರಳಲಿಲ್ಲ.
ಉಳಿದ ಕೆಲವು ಮರಗಳು, ಸೋತ ಮೇಲೆ,
ತೋಪು ಕಳಚಿಟ್ಟು
ದೂರದ ದ್ವೀಪಗಳಿಂದ ಜನರನ್ನು ಮನೆಗೆ ಹೊತ್ತು ತಂದವಂತೆ.

ಮರುದಿನದಿಂದ ಮಂಟೂರ ರೋಡಿನ ಆ ಪಡಸಾಲೆಯಲ್ಲಿ
ಕುಸುಬಿ ಎಣ್ಣೆಯ ಡಬ್ಬಿಗಳು ಒಂದೊಂದಾಗಿ ಬಿಚ್ಚಿಕೊಂಡವು.
ಕತ್ತರಿ, ಸುಣ್ಣದ ಕಡ್ಡಿ, ಬೆಸುಗೆಯ ಹೊಗೆ.
ಹೊಗೆಯಲ್ಲಿ ಒಂದು ಸಂಜೆ, ತಲೆ ಎತ್ತದೆ:

"ಎಪ್ಪತ್ತೊಂದರಾಗ ಲಡಾಯಿ. ನನಗ ಹತ್ತೊಂಬತ್ತು.
ಹಗಲು ರಾತ್ರಿ ವ್ಯಾಗನ್ ಕೇಳತಿದ್ರು.
ಒಂದ ಕೀಲಿನ್ಯಾಗ ಗುಳ್ಳಿ ಉಳೀತು. ನನಗ ಗೊತ್ತಿತ್ತು.
ಫೋರ್‌ಮನ್ ಬಿಡು ಅಂದ. ಬಿಟ್ಟೆ.
ಮ್ಯಾಲೆ ಬಣ್ಣಾ ಬಳದ್ರು.
ಕಡೀ ಮೂರ ಅಂಕಿ, ನಾಕ್‌ನೂರಾ ಹದಿನೇಳು."

ಅದಕ್ಕೇ ಇರಬೇಕು. ಗೇಟು ಬಿದ್ದಾಗ ಎಲ್ಲರೂ ಗಡಿಯಾರ ನೋಡಿದರೆ
ಇವರೊಬ್ಬರು ಸೈಕಲ್ಲಿಗೆ ಒರಗಿ
ಗೂಡ್ಸಿನ ಒಂದೊಂದೇ ಡಬ್ಬಿಯನ್ನು ಓದುತ್ತಿದ್ದರು,
ತುಟಿ ಅಲುಗಿಸುತ್ತ.

ಒಂಬತ್ತನೇ ದಿನ ನಲ್ಲಿಗೆ ನೀರು ಬಂತು, ರಾತ್ರಿ ಎರಡಕ್ಕೆ.
ಓಣಿ ತುಂಬ ಕೊಡ, ಪೈಪು, ಬೈಗುಳ.
ಮಾಬುನ್ನಿ ನೀಲಿ ಡ್ರಮ್ಮು ತುಂಬಿಸಿ ಕೂಗಿದಳು.
ಅವರು ಹಡಗನ್ನು ಎರಡೂ ಕೈಯಲ್ಲಿ ತಂದರು,
ಆಗಷ್ಟೇ ಮೀಯಿಸಿದ ಕೂಸಿನಂತೆ,
ನೀರಿನ ಮೇಲಿಟ್ಟು ಕೈ ತೆಗೆದರು.

ನಿಂತಿತು.
ಆಮೇಲೆ ತುಸುವೇ ಎಡಕ್ಕೆ.
ಆಮೇಲೆ ಇನ್ನಷ್ಟು.
"ತಗೀರಿ ಮಾವ, ಮುಳುಗತೈತಿ!"
ತೆಗೆಯಲಿಲ್ಲ. ಟಾರ್ಚು ಹಿಡಿದು ಬಗ್ಗಿದರು,
ಗಡ್ಡ ನೀರಿಗೆ ತಾಗುವಷ್ಟು.
ಬುಡದ ಬಳಿ ಸಣ್ಣ ಗುಳ್ಳೆಗಳ ಸಾಲು,
ಒಂದರ ಹಿಂದೊಂದು, ಆತುರವೇ ಇಲ್ಲದೆ.

"ಸಿಕ್ತು" ಅಂದರು.
ಎಂದೂ ಕೇಳಿರದ ದನಿಯಲ್ಲಿ,
"ಸಿಕ್ತು ಟೀಚರ, ಇಲ್ಲೈತಿ ನೋಡ್ರಿ."